ಆ್ಯಪ್ ಅಳಿಸಿ ಬಸ್ ಹತ್ತಿಸಿದವಳು

ಅವಳ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದ. ಮೊಬೈಲಿನ ಬೆನ್ನು ಬಿಚ್ಚಲಿಕ್ಕೆಂದೇ ಬೆಳೆಸಿದ್ದು. ಮಂಡಕ್ಕಿ ತಿನ್ನುವಾಗಲೂ ಆ ಬೆರಳನ್ನು ಜೋಪಾನವಾಗಿ ಮೇಲೆತ್ತಿ ಹಿಡಿಯುತ್ತಾಳೆ. ತಿಳವಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಾಕೆ. ನನಗಿಂತ ಮೂವತ್ತು ವರ್ಷ ಸಣ್ಣವಳು, ಬುದ್ಧಿಯಲ್ಲಿ ಅಷ್ಟೇ ದೊಡ್ಡವಳು.

ನಾನು ಕಲಿತದ್ದು ಮೂರನೇ ಇಯತ್ತೆ. ಸಾಮಾಜಿಕ ಜಾಲತಾಣದಲ್ಲಿ ನನಗೊಂದು ಖಾತೆ ತೆರೆದುಕೊಟ್ಟವಳು ಅವಳೇ. ಅದರ ಬೆನ್ನಿಗೆ ಅಂಟಿಕೊಂಡು ಬರುವ ಆಟದ ಆ್ಯಪ್‌ಗಳ ಹುಚ್ಚನ್ನು ಮಾತ್ರ ನಾನೇ ಹಚ್ಚಿಕೊಂಡೆ. 'ಹಿಂದಿನ ಜನ್ಮದಲ್ಲಿ ನೀವು ಏನಾಗಿದ್ದಿರಿ?' ಎಂದು ಒಂದು ಆ್ಯಪ್ ಕೇಳಿತು. ಒತ್ತಿದೆ, ರಾಣಿ ಎಂದು ಬಂತು. ಕಿರೀಟ ಇಟ್ಟ ನನ್ನ ಮುಖವನ್ನು ಓಣಿಗೆಲ್ಲ ತೋರಿಸಿಕೊಂಡು ಬಂದೆ, ನೆಂಟರಿಗೆಲ್ಲ ಕಳಿಸಿದೆ.

"ಆಯಿ, ಚೀಟಿ ಎತ್ತೂ ಗಿಳಿಗೆ ಇದಕ್ಕಿಂತ ಜಾಸ್ತಿ ತಿಳೀತೈತಿ. ನಗಾಕ ಒತ್ರಿ, ನಂಬಾಕ ಒತ್ತಬ್ಯಾಡ್ರಿ" ಎನ್ನುತ್ತಿದ್ದಳು.

ನಾನು ಕೇಳಬೇಕಲ್ಲ! ಸೊಸೆ ಚೊಚ್ಚಲ ಬಾಣಂತನಕ್ಕೆ ತವರೂರು ಚಿಕ್ಕೇರೂರಿಗೆ ಹೋಗಿದ್ದಳು. ಮೊಮ್ಮಗ ಹುಟ್ಟಿದ ಸುದ್ದಿ ಬಂದ ದಿನ, ನೆಲದ ಮೇಲೆ ಕಾಲೇ ನಿಲ್ಲದ ಖುಷಿಯಲ್ಲಿ, 'ನಿಮ್ಮ ಬೆನ್ನ ಹಿಂದೆ ಆಡಿಕೊಳ್ಳುವವರು ಯಾರು?' ಎಂಬುದನ್ನು ಒತ್ತಿದೆ. ಸೊಸೆಯ ತಾಯಿಯ, ಅಂದರೆ ನನ್ನ ಬೀಗತಿಯ ಫೋಟೋ ಬಂತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಕೇಳಿತು, ಹೂಂ ಎಂದು ಒತ್ತಿಬಿಟ್ಟೆ. ನನ್ನ ಹೆಸರಿನಲ್ಲೇ ಅದು ಎಲ್ಲರಿಗೂ ಹೋಯಿತು. ಬೀಗತಿಗೂ.

ತೊಟ್ಟಿಲಿಗೆ ಹಾಕುವ ದಿನಕ್ಕೆ ಗಂಡಿನ ಮನೆಯ ಹೆಂಗಸರನ್ನು ಕುಂಕುಮ ಹಚ್ಚಿ ಕರೆಯಬೇಕು. ಮೂರೇ ದಿನ ಉಳಿದರೂ ನನಗೆ ಕರೆ ಬರಲಿಲ್ಲ. ಅಳುತ್ತಾ ಅಂಗಡಿಗೆ ಹೋದೆ. ಚಿಟಿಕೆ ಹೊಡೆಯುವುದರೊಳಗೆ ಆ ಫೋಟೋವನ್ನೂ ಆ್ಯಪನ್ನೂ ತೆಗೆದುಹಾಕಿದಳು.

"ಅಳಿಸ್ದೆ ಆಯಿ. ಆದ್ರ ಖರೇ ಹೇಳ್ರಿ, ನೀವು ಅದನ್ನ ನಂಬಿದ್ರೋ ಇಲ್ಲೋ?"

"ಒಂದೀಟು ನಂಬಿದ್ದೆ ಯವ್ವಾ."

"ಅದನ್ನ ಅಳಸಾಕ ನನಗ ಬರಂಗಿಲ್ಲ. ನೀವೇ ಹೋಗಿ ಬಾಯಿಲೆ ಹೇಳಬೇಕು. ನಡ್ರಿ."

ಶಟರ್ ಎಳೆದು, ನನ್ನನ್ನು ಬಸ್ ಹತ್ತಿಸಿ ತಾನೂ ಹತ್ತಿದಳು.

ಬೀಗತಿ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ರಾಣ್ಯಾರ. ಕಿರೀಟ ಎಲ್ಲಿ ಬಿಟ್ಟು ಬಂದ್ರಿ?"

"ನಾ ಅದನ್ನ ನಂಬಿದ್ದೆ ಬೀಗತೇರ. ತಪ್ಪಾತು" ಎಂದೆ. ಅವಳು ಮುಖ ತಿರುವಿದಳು.

ಅಂಗಡಿಯಾಕೆ ಸುಮ್ಮನೆ ಕೈ ಚಾಚಿದಳು. "ಅಕ್ಕಾರ, ನಿಮ್ಮ ಫೋನ್ ಕೊಡ್ರಿ." ಅದರಲ್ಲೂ ಅದೇ ಪ್ರಶ್ನೆ ಒತ್ತಿದಳು. ಮೊದಲ ಸಲ ಬೀಗತಿಯ ಗಂಡನ ಮುಖ ಬಂತು. ಎರಡನೇ ಸಲ ಮಠದ ಸ್ವಾಮಿಗಳದು.

ಬೀಗತಿ ನೋಡಿದಳು, ಮತ್ತೆ ನೋಡಿದಳು. "ಸ್ವಾಮಿಗೋಳು ಸುಳ್ಳು ಬಿಡ್ರಿ. ಮೊದಲನೇದು ಖರೇ ಐತಿ!"

ಒಳಗಿನಿಂದ ಬೀಗರು ಕೆಮ್ಮಿದರು. ಮೂವರೂ ಹೊಟ್ಟೆ ಹಿಡಿದು ನಕ್ಕೆವು. ನಗುನಗುತ್ತಲೇ ಬೀಗತಿ ಕುಂಕುಮದ ಬಟ್ಟಲು ತಂದು ನಮ್ಮಿಬ್ಬರ ಹಣೆಗೂ ಹಚ್ಚಿದಳು.

ತೊಟ್ಟಿಲ ದಿನ ಅಂಗಡಿಯಾಕೆ ಬರಲಿಲ್ಲ. ಗಿರಾಕಿಗಳು ಕಾಯುತ್ತಾರಂತೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ತೊಟ್ಟಿಲ ಕೆಳಗಿನಿಂದ ದಾಟಿಸುತ್ತಾರೆ. ಆ ಬದಿಯಿಂದ ಬೀಗತಿ ಬಗ್ಗಿ ಕೊಟ್ಟಳು, ಈ ಬದಿಯಲ್ಲಿ ನಾನು ಬಗ್ಗಿ ತೆಗೆದುಕೊಂಡೆ. ಬೆಚ್ಚಗಿನ ಆ ಭಾರ ನನ್ನ ಅಂಗೈಗೆ ಬಂದಾಗ, ಅದನ್ನು ನನ್ನ ತನಕ ಮುಟ್ಟಿಸಿದಾಕೆ ತಿಳವಳ್ಳಿಯಲ್ಲಿ ಯಾರದೋ ಮೊಬೈಲ್ ಬಿಚ್ಚುತ್ತಾ ಕುಳಿತಿದ್ದಳು.