ಖಂಡೇಪೂಜೆಗೆ ಕೂತ ಗಿಟಾರ್

ನಮ್ಮ ಮನೆಯಲ್ಲಿ ಸೊಳ್ಳೆ ಹೊಡೆಯುವ ಬ್ಯಾಟಿಗೆ ಸಿಕ್ಕ ಮರ್ಯಾದೆ ನನ್ನ ಗಿಟಾರಿಗೆ ಸಿಗಲು ಹನ್ನೊಂದು ವರ್ಷ ಹಿಡಿಯಿತು. ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೆ ಮಾತ್ರ ಆಗ ನಗು ಬರುತ್ತಿರಲಿಲ್ಲ.

ಅಪ್ಪ ಗೌಂಡಿ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು, ಉಸಗಾಂವದಲ್ಲಿ ಬಾಡಿಗೆ ಮನೆ ಹಿಡಿದು, ಫೋಂಡಾದ ಸುತ್ತಮುತ್ತ ಅರ್ಧ ಊರಿಗೆ ಗೋಡೆ ಎಬ್ಬಿಸಿದವನು. ಅವ್ವ ಅದೇ ಗೋಡೆಗಳಿಗೆ ಪುಟ್ಟಿಯಲ್ಲಿ ಸಿಮೆಂಟು ಹೊತ್ತವಳು. ನಾನು ಅವರ ಒಬ್ಬನೇ ಮಗ, ಕೆಲಸ ರಾಕ್ ಹಾಡು ಬರೆದು ಹಾಡುವುದು. ಮಗ ಏನು ಮಾಡುತ್ತಾನೆ ಎಂದು ನೆಂಟರು ಕೇಳಿದಾಗಲೆಲ್ಲ ಅಪ್ಪ ತಲೆಯೆತ್ತಿ ಅವರ ಮನೆಯ ಸೂರು ನೋಡಿ, ಇಲ್ಲಿ ಸೋರುತ್ತದೆ ಅನಿಸುತ್ತದೆ ಎಂದು ಮಾತು ತೇಲಿಸುತ್ತಿದ್ದ.

ದಸರೆಯ ಖಂಡೇಪೂಜೆ ನಮ್ಮ ಮನೆಯ ದೊಡ್ಡ ಹಬ್ಬ. ಅವತ್ತು ಅಪ್ಪ ತನ್ನ ಗಾರೆ ಬಳಿಯುವ ಥಾಪಿ, ಗೋಡೆಯ ನೇರ ನೋಡುವ ಓಳಂಬಾ, ಲೆವೆಲ್ ಪೈಪು ಎಲ್ಲವನ್ನೂ ಉಜ್ಜಿ ತೊಳೆದು ದೇವರ ಮುಂದೆ ಸಾಲಾಗಿ ಇಡುತ್ತಿದ್ದ. ವಿಭೂತಿ, ಕುಂಕುಮ, ಚೆಂಡು ಹೂವು, ಅಕ್ಷತೆ. ಪೂಜೆಗೆ ಕೂತ ಸಾಮಾನನ್ನು ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಎತ್ತುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅಷ್ಟಾದರೂ ರಜೆ ಬೇಡವೇ ಎನ್ನುವುದು ಅಪ್ಪನ ವಾದ. ದುಡಿಯದ ಸಾಮಾನಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅವ್ವನ ಪುಟ್ಟಿ ಕೂರುತ್ತಿತ್ತು, ಮಿಕ್ಸರ್ ಕೂರುತ್ತಿತ್ತು, ಗ್ಯಾಸಿನ ಒಲೆಗೆ ಕೂತಲ್ಲೇ ಹೂವು ಸಿಗುತ್ತಿತ್ತು. ಒಂದು ವರ್ಷ ಸೊಳ್ಳೆ ಬ್ಯಾಟಿಗೂ ಮೂರು ಬೆರಳಿನ ವಿಭೂತಿ ಬಿತ್ತು. ಆಗ ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ಬ್ಯಾಟ್ ಇಟ್ಟೀ. ನನ್ನ ಗಿಟಾರ್ ಯಾಕ ಇಡಂಗಿಲ್ಲ?”

“ಬ್ಯಾಟು ದುಡಿತೈತಿ,” ಎಂದ ಅಪ್ಪ, ಕುಂಕುಮದ ಬಟ್ಟಲಿನಿಂದ ಕಣ್ಣೆತ್ತದೆ. “ನಿನ್ನ ಪೆಟಗಿ ಬರೇ ಒದರತೈತಿ.”

ನಾನು ಎಡಗೈ ಚಾಚಿ, ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ ಬೆರಳುಗಳನ್ನು ತೋರಿಸಿದೆ. ಅಪ್ಪ ಒಂದೊಂದನ್ನೂ ಹಿಸುಕಿ ನೋಡಿದ. “ಭಾಳ ಹೊತ್ತು ಮೊಬೈಲ್ ಹಿಡದಿ, ಅದಕ್ಕ ಹಿಂಗ ಆಗೇತಿ,” ಎಂದು ಕೈ ವಾಪಸು ಕೊಟ್ಟ.

ಆ ಹನ್ನೊಂದು ವರ್ಷ ಗಿಟಾರ್ ಒದರಿದ್ದು ಸುಳ್ಳಲ್ಲ. ಮೊದಲ ಬ್ಯಾಂಡ್ ಕಟ್ಟಿದಾಗ ನನಗೆ ಹತ್ತೊಂಬತ್ತು. ಡ್ರಮ್ ಬಾರಿಸಲು ನಮ್ಮ ಓಣಿಯ ಗೆಳೆಯ ಬಂದ. ಹುಬ್ಬಳ್ಳಿ ಕಡೆಯ ಮುಸಲ್ಮಾನರ ಮನೆಯವನು, ಹಗಲು ತನ್ನಪ್ಪನ ಟೆಂಪೋ ಓಡಿಸುತ್ತಿದ್ದ. ತಾಳ ಅವನಿಗೆ ದೂರದ ಸಂಬಂಧಿ, ಹಬ್ಬ ಹುಣ್ಣಿಮೆಗೊಮ್ಮೆ ಭೇಟಿ. ಆದರೆ ಸಾಮಾನು ಸಾಗಿಸುವ ಟೆಂಪೋ ಅವನದೇ ಆದ್ದರಿಂದ ನಾಲ್ಕು ಬ್ಯಾಂಡುಗಳಲ್ಲಿ ಒಮ್ಮೆಯೂ ಅವನನ್ನು ಬಿಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ಬ್ಯಾಂಡಿನ ಹೆಸರು ಹೇಳುವುದಿಲ್ಲ. ಇಟ್ಟವನು ನಾನೇ, ನಾಚಿಕೆಯೂ ನನ್ನದೇ. ಹಾಡುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮತ್ತು ಅವುಗಳಲ್ಲಿ ಬಿಡದೆ ಹಿಮ ಬೀಳುತ್ತಿತ್ತು. ಗಣಿ ಲಾರಿಗಳ ಕೆಂಪು ಧೂಳು ತಿಂದು ಬೆಳೆದ ನಾನು ಕಣ್ಣು ಮುಚ್ಚಿ, ಹಿಮದಲ್ಲಿ ಕಳೆದುಹೋದ ಹುಡುಗಿಯನ್ನು ಕರೆಯುತ್ತಿದ್ದೆ. ಎರಡು ವರ್ಷ ಕರೆದೆ. ಆಮೇಲೆ ಜೊತೆಗೆ ಗಿಟಾರ್ ನುಡಿಸುವವನಿಗೆ ಪ್ರವಾಸಿ ಹಡಗಿನಲ್ಲಿ ಕೆಲಸ ಸಿಕ್ಕಿತು. ಬೇರೆ ಕಡೆ ಬ್ಯಾಂಡುಗಳು ಜಗಳಾಡಿ ಒಡೆಯುತ್ತವಂತೆ. ಗೋವಾದಲ್ಲಿ ಜಗಳಕ್ಕೆ ಪುರಸೊತ್ತು ಎಲ್ಲಿ, ಅಷ್ಟರಲ್ಲಿ ಹಡಗು ಬಂದಿರುತ್ತದೆ.

ಎರಡನೆಯ ಬ್ಯಾಂಡ್ ಸಮುದ್ರದಂಡೆಯ ಒಂದು ಶ್ಯಾಕಿನಲ್ಲಿ. ಅಂದರೆ ಬಿದಿರು, ತೆಂಗಿನ ಗರಿಯ ಹೋಟೆಲು. ಅಲ್ಲಿ ಮೀನು ತಿನ್ನುವವರು ತಮಗೆ ಗೊತ್ತಿರುವ ಹಾಡು ಕೇಳುತ್ತಿದ್ದರು, ನಾನು ನನಗೊಬ್ಬನಿಗೇ ಗೊತ್ತಿರುವ ಹಾಡು ಹಾಡುತ್ತಿದ್ದೆ. ಒಬ್ಬ ಪ್ರವಾಸಿ ಎದ್ದು ಬಂದು, ದಯವಿಟ್ಟು ಇದನ್ನು ನಿಲ್ಲಿಸಲು ಏನು ಮಾಡಬೇಕು ಎಂದು ಬಹಳ ವಿನಯದಿಂದ ವಿಚಾರಿಸಿದ್ದ. ನಿಲ್ಲಿಸಿದ್ದು ಮಳೆಗಾಲ. ಮಳೆಗೆ ಮೊದಲು ಶ್ಯಾಕುಗಳನ್ನು ಬಿಚ್ಚಿ ಒಯ್ಯುತ್ತಾರೆ. ನಾನು ಅಭ್ಯಾಸಕ್ಕೆಂದು ಹೋದರೆ ವೇದಿಕೆ, ಚಾವಣಿ, ಅಡುಗೆಮನೆ ಎಲ್ಲವನ್ನೂ ಮಡಚಿ ಲಾರಿಗೆ ಹಾಕಿದ್ದರು. ಮರಳಿನಲ್ಲಿ ಮೈಕಿನ ಕಂಬ ಒಂದೇ ನಿಂತಿತ್ತು, ಅದರ ಮೇಲೆ ಕಾಗೆ.

ಮೂರನೆಯದು ಹೆವಿ ಮೆಟಲ್, ಘೋರ ಗಡಸು ಬ್ಯಾಂಡ್. ಸಾಂಖಳಿಯ ಹತ್ತಿರ ಒಂದು ಕೋಳಿ ಫಾರ್ಮಿನ ಖಾಲಿ ಶೆಡ್ಡಿನಲ್ಲಿ ಅಭ್ಯಾಸ. ಪಕ್ಕದ ಶೆಡ್ಡು ಖಾಲಿ ಇರಲಿಲ್ಲ. ಮೂರನೆಯ ವಾರ ಮಾಲೀಕ ಬಂದು, ಕೋಳಿಗಳು ಮೊಟ್ಟೆ ಇಡುವುದನ್ನು ಬಿಟ್ಟಿವೆ, ಒಂದಂತೂ ಗೋಡೆಯ ಕಡೆ ಮುಖ ಮಾಡಿ ಕೂತದ್ದು ಎದ್ದಿಲ್ಲ ಎಂದ. ಡ್ರಮ್ಮಿನ ಗೆಳೆಯನಿಗೆ ಬೇಜಾರಾಗಲಿಲ್ಲ. “ಅಂದ್ರ ಕೇಳಾಕತ್ತಾವಲ್ಲೋ ದೋಸ್ತ! ಶ್ಯಾಕಿನ್ಯಾಗ ಯಾರ್ ಕೇಳತಿದ್ರು?” ಎಂದ. ಮರುದಿನವೇ ನಮ್ಮನ್ನು ಹೊರಗೆ ಹಾಕಿದರು. ಅಪ್ಪ ಈ ಸುದ್ದಿ ಕೇಳಿ, ಕೋಳಿಗೂ ಬುದ್ಧಿ ಐತಿ ಎಂದು ಒಂದು ರೊಟ್ಟಿ ಹೆಚ್ಚಿಗೆ ಉಂಡ.

ಆ ರಾತ್ರಿಯ ಸಿಟ್ಟಿನಲ್ಲಿ ಹಿಮವೂ ಹಾಳಾಗಲಿ, ಹುಡುಗಿಯೂ ಹಾಳಾಗಲಿ ಎಂದು ಕನ್ನಡದಲ್ಲಿ ಬರೆಯಲು ಕೂತೆ. ಬಂದದ್ದು ಅಪ್ಪನ ಬೈಗುಳ. ಚಿಕ್ಕಂದಿನಿಂದ ಸೈಟಿನಲ್ಲಿ ಅವನು ಕೆಲಸಗಾರರಿಗೆ ಬೈಯುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅದಕ್ಕೆ ಪ್ರಾಸ ನಾನು ಹುಡುಕಬೇಕಾಗಿಯೇ ಇರಲಿಲ್ಲ:

“ಸೊಟ್ಟ ಗ್ವಾಡಿ ಕಟ್ಟಾವ್ನ, ಕಣ್ಣ ಎಲ್ಲಿಟ್ಟೀಯೋ?
ನಿನ್ನಕಿಂತ ನಿಮ್ಮನಿ ಎಮ್ಮಿ ನೆಟ್ಟಗ ನಿಂತೈತೋ!”

ಈ ಹಾಡಿನಿಂದ ಹುಟ್ಟಿದ್ದೇ ನಾಲ್ಕನೆಯ ಬ್ಯಾಂಡ್. ನಾನು, ಟೆಂಪೋದ ಗೆಳೆಯ, ಬಾಸ್ ಗಿಟಾರಿಗೆ ಫೋಂಡಾದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಕೊಂಕಣಿ ಹುಡುಗಿ. ಅವಳಿಗೆ ಕನ್ನಡ ಬಾರದು, ಆದರೆ ಬೈಗುಳ ಎನ್ನುವುದು ಮಾತ್ರ ಮೊದಲ ಸಾಲಿಗೇ ತಿಳಿಯಿತು. ಹಾಡನ್ನು ಮೊಬೈಲಿನಲ್ಲಿ ಹರಿಯಬಿಟ್ಟೆವು. ಅದು ಪಣಜಿಯ ರಾಕ್ ರಸಿಕರಿಗಿಂತ ಮೊದಲು ನಮ್ಮವರ ಸೈಟುಗಳಿಗೆ ತಲುಪಿತು. ಕೊನೆಗೆ ಪಣಜಿಯಿಂದಲೂ ಕರೆ ಬಂತು: ಸ್ವಂತ ಹಾಡು ಕಟ್ಟುವ ಬ್ಯಾಂಡುಗಳದೇ ಒಂದು ಸಂಜೆ, ನಮಗೆ ಅರ್ಧ ಗಂಟೆ. ಅಷ್ಟು ದೊಡ್ಡ ವೇದಿಕೆ ನಾನು ಹತ್ತಿರಲಿಲ್ಲ. ಅದು ಖಂಡೇಪೂಜೆಯ ದಿನವೇ ಬಿದ್ದಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಗಿಟಾರಿಗೂ ಆ ಹಬ್ಬಕ್ಕೂ ಏನು ಸಂಬಂಧ?

ಅವತ್ತು ಮಧ್ಯಾಹ್ನ ಸ್ನಾನ ಮುಗಿಸಿ ಬಂದರೆ ಮೂಲೆಯಲ್ಲಿ ಗಿಟಾರ್ ಇಲ್ಲ. ದೇವರ ಮುಂದೆ, ಥಾಪಿ ಮತ್ತು ಪುಟ್ಟಿಯ ನಡುವೆ ಮಲಗಿತ್ತು. ಹೊಟ್ಟೆಯ ಮೇಲೆ ಮೂರೆಳೆ ವಿಭೂತಿ, ಕುತ್ತಿಗೆಗೆ ಚೆಂಡು ಹೂವಿನ ಮಾಲೆ, ತಂತಿ ಬಿಗಿಯುವ ಆರು ಕಿವಿಗೂ ಒಂದೊಂದು ಬೊಟ್ಟು ಕುಂಕುಮ. ಅಪ್ಪ ಎಸೆದ ಅಕ್ಷತೆ ತೂತಿನೊಳಗೆ ಬಿದ್ದು ಕಟಕಟ ಎಂದಿತು.

“ಇದೇನ್ ಅಪ್ಪಾ?”

“ಸೈಟಿನ್ಯಾಗ ಹುಡುಗೂರು ಅದೇನೋ ಹಾಡು ಹಚ್ಚಾಕತ್ತಿದ್ರು. ಕೇಳಿದ್ರ ನನ್ನ ಮಾತು! ನಾ ಬಾಯಿಲೆ ಬೈದ್ರ ಒಬ್ಬನೂ ಕೇಳಂಗಿಲ್ಲ. ನಿನ್ನ ಪೆಟಗಿ ಬೈದ್ರ ಕೇಳತಾರ, ಮ್ಯಾಲೆ ಕುಣೀತಾರ. ಎರಡು ದಿನದ ಪ್ಲಾಸ್ಟರ್ ಒಂದೂವರಿ ದಿನಕ್ಕ ಮುಗೀತು.” ಅಪ್ಪ ಕರ್ಪೂರ ಹಚ್ಚಿದ. “ಅಂದ ಮ್ಯಾಲೆ ಅದೂ ದುಡಿತೈತಿ.”

ನನಗೆ ಅಳು ಬಂತು, ಸುಮ್ಮನೆ ಹೇಳುತ್ತಿಲ್ಲ. ಮಂಗಳಾರತಿಗೆ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಂಡೆ. ಕಣ್ಣು ತೆರೆದಾಗ ಗಡಿಯಾರ ಕಂಡಿತು. ಮೂರು ಗಂಟೆ. ಆರಕ್ಕೆ ವೇದಿಕೆ. ಗಿಟಾರಿಗೆ ನಾಳೆ ಸಂಜೆಯವರೆಗೆ ರಜೆ.

ಗೆಳೆಯ ಟೆಂಪೋ ತಂದು ನಿಲ್ಲಿಸಿ ಒಳಗೆ ಬಂದ. “ಕೈ ಬೀಸಿಕೊಂಡು ನಿಂತೀಯಲ್ಲೋ, ಗಿಟಾರ್ ಎಲ್ಲೈತಿ?” ನಾನು ಗದ್ದ ಎತ್ತಿ ತೋರಿಸಿದೆ. ಅವನು ಚಪ್ಪಲಿ ಹಿಂದಕ್ಕೆ ತಳ್ಳಿ, ನೋಡಿ, ನನ್ನ ಕಿವಿಯಲ್ಲಿ, “ಎತ್ತಿಗಿತ್ತೀಯ ಮತ್ತ. ಕಾಕಾ ಹನ್ನೊಂದು ವರ್ಷಕ್ಕ ಇಟ್ಟಾರ, ಎತ್ತಿದ್ರ ಇನ್ನ ಹನ್ನೊಂದು ಹಿಡಿತೈತಿ,” ಎಂದ. ಅಷ್ಟರಲ್ಲಿ ಅವ್ವನ ಕಣ್ಣು ಅವನ ಹಿಂದಿನ ಜೇಬಿಗೆ ಬಿತ್ತು. ಅಲ್ಲಿ ಡ್ರಮ್ ಬಾರಿಸುವ ಎರಡು ಕೋಲುಗಳಿದ್ದವು.

“ಕೊಡಪಾ ಇಲ್ಲೆ. ನೀ ಏನ್ ಹೊರಗಿನಾವನು?”

ಅವನು ಬಾಯಿ ತೆರೆಯುವುದರೊಳಗೆ ಕೋಲುಗಳಿಗೂ ಕುಂಕುಮ ಬಿತ್ತು. ಈಗ ಅವುಗಳಿಗೂ ರಜೆ. ಅವನ ಮುಖ ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು.

ಟೆಂಪೋಕ್ಕೆ ಅವ್ವ ನಿಂಬೆಹಣ್ಣು ಇಟ್ಟಿದ್ದಳು, ಅದನ್ನು ತುಳಿಸಿ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದ. ಸಾಮಾನಿಲ್ಲದೆ ಇವರು ಏನು ಕೆಲಸ ಮಾಡುತ್ತಾರೆ ನೋಡಿಯೇಬಿಡುತ್ತೇನೆ ಎಂದು. ನನ್ನ ಒಂದು ಕಾರ್ಯಕ್ರಮಕ್ಕೂ ಬಾರದವನು ಬರಲು ಇದೇ ದಿನ ಆರಿಸಿಕೊಂಡಿದ್ದ.

ಪಣಜಿಯಲ್ಲಿ ಬಾಸಿನ ಹುಡುಗಿ ನಮ್ಮ ನಾಲ್ಕು ಖಾಲಿ ಕೈ ನೋಡಿ, “ಕಿತೆಂ ಜಾಲೆಂ?” ಏನಾಯಿತು ಎಂದಳು. ವಿವರಿಸಿದೆವು. ಇವತ್ತು ತಾನು ಔಷಧಿ ಅಂಗಡಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಎಂದಳು. ಬೇರೆ ಬ್ಯಾಂಡಿನವರು ಗಿಟಾರ್, ಕೋಲು ಎರಡನ್ನೂ ಕೊಡಲು ಬಂದರು. ಮುಂದಿನ ಸಾಲಿನಲ್ಲಿ ಅಪ್ಪ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಹಬ್ಬದ ದಿನ ಅವನ ಕಣ್ಣೆದುರು ಪರರ ಸಾಮಾನು ಎತ್ತಲು ನನಗೆ ಮನಸ್ಸಾಗಲಿಲ್ಲ. ಬೇಡ ಎಂದೆ.

ಹಾಗಾಗಿ ಗೆಳೆಯ ಬರಿಗೈಯಿಂದ ಡ್ರಮ್ ಬಡಿದ. ಕೈ ನೋಯುತ್ತದೆಂದು ಮೆಲ್ಲಗೆ ಬಡಿದ, ಮೆಲ್ಲಗೆ ಬಡಿದದ್ದರಿಂದ ತಾಳ ಸಿಕ್ಕಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನನಗೆ ಮಾತ್ರ ನನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿಗೆ ಹಾಕಿದೆ, ತೆಗೆದೆ, ಸೊಂಟಕ್ಕೆ ಇಟ್ಟೆ. ‘ಸೊಟ್ಟ ಗ್ವಾಡಿ’ ಶುರುವಾದಾಗ ಅವು ತಾವೇ ಎದ್ದು ಗಾಳಿಯಲ್ಲಿ ಗೋಡೆಗೆ ಪ್ಲಾಸ್ಟರ್ ಮಾಡತೊಡಗಿದವು. ಎದುರಿನ ಜನ ಇದು ಏನೋ ಹೊಸ ಕುಣಿತವೆಂದುಕೊಂಡರು. ಒಂದು ಸಾಲು ಕೈಯೆತ್ತಿತು, ಅದರ ಹಿಂದಿನದೂ ಎತ್ತಿತು, ನೋಡನೋಡುತ್ತ ಇಡೀ ಸಭಾಂಗಣ ಇಲ್ಲದ ಗೋಡೆಗೆ ಗಾರೆ ಬಳಿಯತೊಡಗಿತು.

ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಸೈಟಿನ ದನಿಯಲ್ಲಿ ಕೂಗಿದ: “ಮ್ಯಾಲಿಂದ ಕೆಳಗ ಅಲ್ಲೋ ಮಬ್ಬ! ಕೆಳಗಿಂದ ಮ್ಯಾಲೆ! ಕೆಳಗಿಂದ ಮ್ಯಾಲೆ!”

ನಾನು ಕೈ ತಿರುಗಿಸಿದೆ. ಜನರೂ ತಿರುಗಿಸಿದರು. ಅಪ್ಪ ಹಿಂದೆ ತಿರುಗಿ ಎಲ್ಲರ ಕೈಯನ್ನೂ ಒಮ್ಮೆ ಪರೀಕ್ಷಿಸಿ, ತೃಪ್ತಿಯಾಗಿ ಕೂತ.

ಹಿಂದಿರುಗುವಾಗಲೂ ಅಪ್ಪ ಟೆಂಪೋದ ಮುಂದಿನ ಸೀಟಿನಲ್ಲೇ ಕೂತ. ಹೇಗಿತ್ತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಫೋಂಡಾ ದಾಟಿದ ಮೇಲೆ, “ಕೈ ಚಲೋ ಆಡತಾವ ನಿಂದು. ಸೈಟಿಗೆ ಬಂದ್ರ ನಡಿತೈತಿ,” ಎಂದ. ಹನ್ನೊಂದು ವರ್ಷ ಮಣ್ಣುಪಾಲಾಯಿತು ಎಂದುಕೊಂಡೆ.

ಮರುದಿನ ಸಂಜೆ ಬನ್ನಿ. ಉಸಗಾಂವದಲ್ಲಿ ಬನ್ನಿ ಎಲೆ ಸಿಗದೆ ಇಲ್ಲಿಯವರಂತೆ ಆಪ್ಟಾ ಎಲೆಯನ್ನೇ ತರುತ್ತೇವೆ. ಅಪ್ಪ ದೇವರ ಮುಂದಿನಿಂದ ಒಂದೊಂದೇ ಸಾಮಾನು ಎತ್ತಿ, ಎಲೆಯ ಜೊತೆ ಅದರ ಯಜಮಾನರ ಕೈಗೆ ಕೊಟ್ಟ. ಅವ್ವನಿಗೆ ಪುಟ್ಟಿ. ಗೆಳೆಯನಿಗೆ ಕೋಲುಗಳು. ಬ್ಯಾಟನ್ನು ಮೊಳೆಗೆ ತೂಗುಹಾಕಿದ. ಕೊನೆಗೆ ಉಳಿದದ್ದು ಥಾಪಿ ಮತ್ತು ಗಿಟಾರ್. ಅಪ್ಪನ ಕೈ ಮೊದಲು ಥಾಪಿಗೆ ಹೋಯಿತು. ಅದು ನನಗೇ ಎಂದುಕೊಂಡೆ. ಅವನು ಥಾಪಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟ.

“ಬಂಗಾರ ತಗೊಂಡು ಬಂಗಾರದಂಗ ಇರೂನು. ನಾಳಿ ಹೊತ್ತಿಗೆ ಸರಿಯಾಗಿ ಕೆಲಸಕ್ಕ ಹೋಗು, ಮಲಕೊಂಡೀಯ ಮತ್ತ.”

ಕೆಲಸಕ್ಕೆ! ಆ ಮಾತು ಅವನ ಬಾಯಿಂದ ನನ್ನ ಪೆಟ್ಟಿಗೆಗೆ ಹಿಂದೆಂದೂ ಬಂದಿರಲಿಲ್ಲ.

ಮರುದಿನ ನನಗೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಆ ವಾರವೇ ಇರಲಿಲ್ಲ. ಅದನ್ನು ಹೇಳುವ ಬಾಯಿ ನನಗೆಲ್ಲಿ? ಬೆಳಿಗ್ಗೆ ಎಂಟಕ್ಕೆ ಅವ್ವ ಮೂರು ಬುತ್ತಿ ಕಟ್ಟಿದ್ದಳು. ಅಪ್ಪ, ಅವ್ವ, ನಾನು ಒಟ್ಟಿಗೆ ಮನೆ ಬಿಟ್ಟೆವು. ಅವರು ಸೈಟಿನ ಕಡೆ ತಿರುಗಿದರು, ನಾನು ಫೋಂಡಾದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇಡೀ ದಿನ ಕೂತು, ಅಕ್ಷತೆ ಕಟಕಟ ಅನ್ನುವ ಗಿಟಾರಿನಲ್ಲಿ ಒಂದು ಹೊಸ ಹಾಡು ಬರೆದೆ. ಮಧ್ಯಾಹ್ನ ಒಂದಕ್ಕೆ ರೊಟ್ಟಿ ತಿಂದೆ. ಸಂಜೆ ಆರಕ್ಕೆ ಮನೆಗೆ ಬಂದು, ಅಪ್ಪನ ಪಕ್ಕದಲ್ಲಿ ನಿಂತು ಕೈಕಾಲು ತೊಳೆದುಕೊಂಡೆ. “ದಣಿದೇನೋ?” ಎಂದು ಅಪ್ಪ ಚೊಂಬು ಮುಂದೆ ಮಾಡಿದ. “ಹೌದಪ್ಪಾ,” ಎಂದೆ.