ಪದ್ಮರಾಜ ಸರ್ ಅವರ ಎಣ್ಣೆ ಕೈ

ಹಲಸಿನ ಕಾಲದಲ್ಲಿ ಪದ್ಮರಾಜ ಸರ್ ಅವರ ಅಂಗೈಗಳು ಹೊಳೆಯುತ್ತಿದ್ದವು. ಮೂಡುಬಿದಿರೆಯ ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ, ಮೇಣ ಅಂಟದಂತೆ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹಣ್ಣು ಬಿಡಿಸುವ ಅಧಿಕಾರ ಮುಖ್ಯಸ್ಥರಾದ ಅವರೊಬ್ಬರದ್ದೇ. ಅದನ್ನವರು ಯಾರಿಗೂ ವಹಿಸಿಕೊಟ್ಟವರಲ್ಲ. ಅವರು ರಜೆ ಹಾಕಿದರೆ ಹಣ್ಣಿಗೂ ರಜೆ.

ಅವರ ಇನ್ನೊಂದು ನಿಷ್ಠೆ ಸೂರ್ಯನಿಗೆ. ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಐದು ಗಂಟೆಯಾಯಿತೆಂದರೆ ಎಂಥ ಸಮೀಕರಣವನ್ನೂ ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೊರಡುತ್ತಿದ್ದರು.

ನಾನು ಬಂಟ್ವಾಳದಿಂದ ಬಂದುಹೋಗಿ ಪಾಠ ಮಾಡುತ್ತಿದ್ದವನು. ತಲೆ ನರೆತ ಮೇಲೆ ಅವರ ಕೈಕೆಳಗೆ ಪಿಎಚ್‌ಡಿಗೆ ಸೇರಿದೆ. ವಿಷಯ: ಕ್ವಾಂಟಮ್ ಚುಕ್ಕಿಗಳ ಲೇಸರಿನಲ್ಲಿ ಬೆಳಕಿನ ಗಳಿಕೆ ಮತ್ತು ನಷ್ಟ. ಮೊದಲ ದಿನ ಸರ್ ಅದನ್ನು ಬಿಡಿಸಿ ಹೇಳಿದ್ದು ಹೀಗೆ:

“ಬೆಳಕು ಅಂದರೆ ಬೆಳ್ತಂಗಡಿ ಬಸ್ಸು ಅಂತ ಇಟ್ಕೊಳ್ಳಿ ಮಾರಾಯ್ರೆ. ಎರಡು ತುದಿಯ ಕನ್ನಡಿಗಳ ನಡುವೆ ಹೋಗಿ ಬಂದು ಮಾಡ್ತದೆ. ಚುಕ್ಕಿಗಳು ಜನ ಹತ್ತಿಸ್ತವೆ, ಕನ್ನಡಿಗಳು ಇಳಿಸ್ತವೆ. ಹತ್ತುವವರು ಹೆಚ್ಚಾದರೆ ಲೇಸರ್, ಇಳಿಯುವವರು ಹೆಚ್ಚಾದರೆ ಬರೀ ಬಲ್ಬು. ಈ ಚುಕ್ಕಿ ಉಂಟಲ್ಲ, ಅದು ಸಣ್ಣ ಊರು. ಎಷ್ಟು ಹಾರ್ನ್ ಹೊಡೆದರೂ ಇದ್ದಷ್ಟೇ ಜನ ಬರುವುದು.”

ಪ್ರಬಂಧ ಒಪ್ಪಿಸಲು ಒಂದು ವಾರ ಉಳಿದಿತ್ತು. ಎರಡು ಸಲ ಅವಧಿ ವಿಸ್ತರಿಸಿಕೊಂಡ ನನಗೆ ಮೂರನೆಯ ಸಲವಿರಲಿಲ್ಲ. ಬಾಕಿಯಿದ್ದದ್ದು ಲೇಸರಿನ ಒಳಗೇ ಎಷ್ಟು ಬೆಳಕು ಕಳೆದುಹೋಗುತ್ತದೆ ಎಂಬ ಒಂದೇ ಅಳತೆ. ಎಳ್ಳಿನಷ್ಟಿದ್ದ ಆ ಲೇಸರೂ ಒಂದೇ. ಸೋಮವಾರ ಚೆನ್ನಾಗಿ ಬೆಳಗಿದ್ದು ಮಂಗಳವಾರ ಬರೀ ಬಲ್ಬಾಯಿತು.

ಸರ್ ವಿದ್ಯುತ್ತನ್ನು ಶಂಕಿಸಿದರು, ಅಳತೆಯ ಯಂತ್ರವನ್ನು ಶಂಕಿಸಿದರು, ಕೊನೆಗೆ ನನ್ನ ಜಾತಕವನ್ನೂ. ಪ್ರಯೋಗಾಲಯದ ಸಹಾಯಕಿ ಸಾರಮ್ಮ ಮಾತ್ರ ಅವರ ಕೈಯನ್ನೇ ನೋಡುತ್ತಿದ್ದರು.

“ಸರ್, ನಿನ್ನೆ ಹಣ್ಣು ಬಿಡಿಸಿ ಬಂದೇ ಈ ಲೇಸರನ್ನು ಹಿಡಿದದ್ದಲ್ಲವಾ ನೀವು?”

“ಕೈ ತೊಳೆದಿದ್ದೇನೆ ಮಾರಾಯ್ತಿ!”

“ಪ್ಯಾಂಟಿಗೆ ಒರೆಸಿದರೆ ತೊಳೆದ ಹಾಗಾಗ್ತದಾ?”

ಸೂಕ್ಷ್ಮದರ್ಶಕವು ಸಾರಮ್ಮನ ಪರವಾಗಿ ಸಾಕ್ಷಿ ನುಡಿಯಿತು. ಲೇಸರಿನ ತುದಿಯ ಮೇಲೆ ತೆಳ್ಳಗೆ ಎಣ್ಣೆ. ಕನ್ನಡಿ ಮಂಕಾಗಿ ಬೆಳಕೆಲ್ಲ ಹೊರಗೆ ಸೋರುತ್ತಿತ್ತು. ನಾನು ಒರೆಸಲು ಹೋದೆ.

“ಒರೆಸಬೇಡಿ!” ಸರ್ ಕೂಗಿದರು. “ಎಣ್ಣೆ ಇರುವಾಗ ಒಮ್ಮೆ ಅಳೆಯುವ, ತೊಳೆದು ಒಮ್ಮೆ. ತುದಿಯಲ್ಲಿ ಸೋರುವುದು ಬದಲಾಗ್ತದೆ, ಒಳಗಿನ ನಷ್ಟ ಬದಲಾಗುವುದಿಲ್ಲ. ಎರಡನ್ನೂ ಹೋಲಿಸಿದರೆ ಒಳಗಿನದ್ದು ಎಷ್ಟೆಂದು ಸಿಗ್ತದೆ. ನಿಮ್ಮ ಅಧ್ಯಾಯ ಇಲ್ಲೇ ಉಂಟಲ್ಲ!”

ಐದಾಯಿತು, ಆರಾಯಿತು. ನಾನು ಗಡಿಯಾರ ತೋರಿಸಿದೆ.

“ಸೂರ್ಯ ನಾಳೆಯೂ ಬರ್ತಾನೆ. ಈ ಎಣ್ಣೆ ಹೀಗೇ ಇರ್ತದಾ?”

ಅಳತೆ ಮುಗಿದಾಗ ಹೊತ್ತು ಮುಳುಗಿತ್ತು. ಸರ್ ಅಂದು ಉಣ್ಣಲಿಲ್ಲ.

ಪ್ರಬಂಧದಲ್ಲಿ ನಾವು ಆ ಎಣ್ಣೆಯನ್ನು ಗಂಭೀರವಾಗಿ ‘ಸಸ್ಯಮೂಲದ ಪಾರದರ್ಶಕ ಲೇಪ’ ಎಂದು ಬರೆದೆವು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, “ಯಾವ ಸಸ್ಯ?” ಎಂದರು. ನಾನು ಪ್ರಬಂಧದ ಪುಟ ತಿರುವತೊಡಗಿದೆ.

“ತೆಂಗು,” ಎಂದರು ಪಕ್ಕದಲ್ಲಿದ್ದ ಸರ್. “ನಮ್ಮ ಮನೆಯದ್ದೇ. ಕಲಬೆರಕೆ ಇಲ್ಲ.”

ಪರೀಕ್ಷಕರು ನಕ್ಕು ಸಹಿ ಹಾಕಿದರು.

ಸರ್ ಕಳೆದ ದೀಪಾವಳಿಗೆ ಮುಂಚೆ ತೀರಿಕೊಂಡರು. ಈ ಸಲದ ಮೊದಲ ಹಲಸು ಮೂರು ದಿನ ವಿಭಾಗದ ಮೂಲೆಯಲ್ಲಿ ಕೂತು ಘಮಘಮಿಸಿತು, ಯಾರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನೇ ಅವರ ಕಪಾಟಿನಿಂದ ಎಣ್ಣೆ ಬಾಟಲಿ ತೆಗೆದು ಅಂಗೈಗೆ ಸವರಿಕೊಂಡೆ.

ಸಾರಮ್ಮ ತಟ್ಟನೆ ಎದ್ದರು.

“ಸ್ವಲ್ಪ ನಿಲ್ಲಿ ಡಾಕ್ಟ್ರೆ. ಲೇಸರಿನ ಕೋಣೆಗೆ ಬೀಗ ಹಾಕಿ ಬರ್ತೇನೆ.”