ನೆಗಡಿಗೆ ಕಾವಲು ಕೂತವರು

ಆ ಪ್ರಯೋಗಾಲಯದಲ್ಲಿ ಅವರ ಹುದ್ದೆಗೆ ಕಾಗದದ ಮೇಲೆ ಇದ್ದ ಹೆಸರು ಪ್ರಾಣಿಗಳ ಮೇಲ್ವಿಚಾರಕ. ಜನ ಇಟ್ಟ ಹೆಸರು ಮೂಗಿನ ಸಾಹೇಬರು. ಎರಡನೆಯದೇ ಹೆಚ್ಚು ಒಪ್ಪುತ್ತಿತ್ತು. ಎದುರಿಗೆ ಬಂದವರ ಕಣ್ಣು, ನಗು, ಹೊಸ ಅಂಗಿ ಇವೇನೂ ಅವರಿಗೆ ಕಾಣುತ್ತಿರಲಿಲ್ಲ. ಮೂಗು ಮಾತ್ರ ಕಾಣುತ್ತಿತ್ತು. ಅದು ಒಣಗಿದೆಯೋ, ಕೆಂಪಗಿದೆಯೋ, ತುದಿಯಲ್ಲಿ ಹೊಳೆಯುತ್ತಿದೆಯೋ ಎಂದು ತೀರ್ಮಾನವಾದ ಮೇಲೆಯೇ ಮುಂದಿನ ಮಾತು.

ಪ್ರಯೋಗಾಲಯದ ಕೆಲಸ ಲೋಕದ ಜ್ವರಕ್ಕೆ ಕಾವಲು ಕೂರುವುದು. ಯಾವ ದೇಶದಲ್ಲಿ ಫ್ಲೂ ಏರಿತು, ಯಾವ ಕೆರೆಯಲ್ಲಿ ಬಾತುಕೋಳಿಗಳು ಸತ್ತು ತೇಲಿದವು, ಯಾವ ಕೋಳಿ ಫಾರಮ್ಮಿಗೆ ಹಕ್ಕಿಜ್ವರ ಹೊಕ್ಕಿತು ಎಂಬ ಸುದ್ದಿಯೆಲ್ಲ ಬೆಳಗಿನ ಚಹಾಕ್ಕಿಂತ ಮೊದಲೇ ಅಲ್ಲಿಯ ಕಂಪ್ಯೂಟರಿಗೆ ಬಂದು ಬಿದ್ದಿರುತ್ತಿತ್ತು. ಕಾರಿಡಾರಿನ ಗೋಡೆಗೆ ಒಂದು ದೊಡ್ಡ ಭೂಪಟ, ಅದರ ಮೈತುಂಬ ಕೆಂಪು ಗುಂಡುಪಿನ್ನು. ಮೂಗಿನ ಸಾಹೇಬರು ಅದರ ಮುಂದೆ ನಿಂತರೆ ಇಡೀ ಭೂಮಿ ತಮ್ಮದೇ ವಾರ್ಡು ಎನ್ನುವ ಹಾಗೆ ನಿಲ್ಲುತ್ತಿದ್ದರು. ಇನ್ನೊಂದು ಮಹಡಿಯ ಗುಮಾಸ್ತನ ಹೆಸರು ಅವರಿಗೆ ಗೊತ್ತಿರಲಿಲ್ಲ, ಆದರೆ ಭೂಮಿಯ ಕೆಳಗಿನ ಅರ್ಧದಲ್ಲಿ ಫ್ಲೂ ಇಳಿಯುತ್ತಿದೆ, ಇನ್ನು ಮೇಲಿನ ಅರ್ಧದ ಸರದಿ ಎನ್ನುವುದು ಬಾಯಿಪಾಠವಾಗಿತ್ತು.

ಅವರ ಕೈಕೆಳಗೆ ಇದ್ದದ್ದು ಫೆರೆಟ್‌ಗಳು. ಫೆರೆಟ್ ಎಂದರೆ ಮುಂಗುಸಿಯ ದೂರದ ನೆಂಟನಂತೆ ಕಾಣುವ, ಉದ್ದ ಮೈಯ, ಗಿಡ್ಡ ಕಾಲಿನ ಪ್ರಾಣಿ. ಅದರ ದೊಡ್ಡ ಯೋಗ್ಯತೆ ಏನೆಂದರೆ ಮನುಷ್ಯರ ಫ್ಲೂ ಅದಕ್ಕೆ ಮನುಷ್ಯರಷ್ಟೇ ಸಲೀಸಾಗಿ ಹತ್ತುತ್ತದೆ. ಸೀನುವುದೂ ನಮ್ಮ ಹಾಗೆಯೇ. ಫ್ಲೂ ಎಂದರೇನೆಂದೇ ತಿಳಿಯದ ಫೆರೆಟ್‌ಗೆ ಒಂದು ವೈರಸ್ಸು ಹತ್ತಿಸಿ, ಎರಡು ವಾರ ಬಿಟ್ಟು ರಕ್ತ ತೆಗೆದರೆ, ಆ ರಕ್ತಕ್ಕೆ ಆ ವೈರಸ್ಸಿನ ಗುರುತು ಹತ್ತಿರುತ್ತದೆ. ಆಮೇಲೆ ಬೇರೆ ಬೇರೆ ದೇಶಗಳಿಂದ ಬಂದ ವೈರಸ್ಸುಗಳನ್ನು ಒಂದೊಂದಾಗಿ ಅದರ ಮುಂದೆ ನಿಲ್ಲಿಸಿ, ಇವನು ಹಳಬನೋ ಹೊಸಬನೋ ಎಂದು ಕೇಳಬಹುದು. ಮುಂದಿನ ಲಸಿಕೆ ಯಾವುದಿರಬೇಕೆಂದು ದೊಡ್ಡವರ ಸಭೆ ನಿರ್ಧರಿಸುವಾಗ ಇಂಥ ಉತ್ತರಗಳನ್ನೂ ಮುಂದಿಟ್ಟುಕೊಳ್ಳುತ್ತದೆ. ಅದಕ್ಕೆ ಮೊದಲೇ ಫೆರೆಟ್‌ಗೆ ದಾರಿಯಲ್ಲಿ ಹೋಗುವವರ ಫ್ಲೂ ಹತ್ತಿತೋ, ಎಲ್ಲ ನೀರಿನಲ್ಲಿ ಹೋಮ. ಆದ್ದರಿಂದಲೇ ಬಾಗಿಲಲ್ಲಿ ಒಬ್ಬರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿರಬೇಕು.

ಮೂಗಿನ ಸಾಹೇಬರು ಕೂತಿದ್ದರು. ಒಳಗೆ ಬರುವವರು ಯಾರೇ ಆಗಲಿ, ಮನೆಯಲ್ಲಿ ಯಾರಿಗಾದರೂ ನೆಗಡಿಯೇ, ಗಂಟಲು ಕೆರೆಯುತ್ತಿದೆಯೇ ಎಂದು ಕೇಳಿ, ಉತ್ತರ ನಂಬದೆ, ಮೂಗು ನೋಡಿ ಬಿಡುತ್ತಿದ್ದರು. ಗಾಳಿಯಂತ್ರ ರಿಪೇರಿಯವನನ್ನು ಬಾಗಿಲಿನಿಂದಲೇ ಓಡಿಸಿದ್ದರು. ಫ್ಲೂ ತಡೆಯುವುದು ಹೇಗೆಂದು ವಿದೇಶದಲ್ಲಿ ಸಭೆ ಮಾಡಿ, ಅಲ್ಲಿಂದ ಫ್ಲೂವನ್ನೇ ತಂದ ನಿರ್ದೇಶಕರನ್ನೂ ಓಡಿಸಿದ್ದರು. ಈ ಎರಡನೆಯ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಹೇಳುತ್ತ ಹೇಳುತ್ತ ನಿರ್ದೇಶಕರ ಕೆಮ್ಮು ಬಲವಾಗಿ, ಕೊನೆಗೆ ಅವರು ಕೈಮುಗಿದು ಕ್ಷಮೆ ಕೇಳುವವರೆಗೂ ಕಥೆ ಬೆಳೆದಿತ್ತು. ಎಲ್ಲರನ್ನೂ ಪ್ರಶ್ನೆ ಕೇಳುವ ಈ ವ್ಯವಸ್ಥೆಯಲ್ಲಿ ಒಂದೇ ಒಂದು ಸಣ್ಣ ಕೊರತೆಯಿತ್ತು: ಪ್ರಶ್ನೆ ಕೇಳುವವರನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ತಮಗೆ ನೆಗಡಿಯೇ ಆಗುವುದಿಲ್ಲ ಎಂಬುದು ಅವರ ದೃಢ ನಂಬಿಕೆ. ಸೀನು ಬಂದರೆ ಅದು ಧೂಳು.

ಕಚೇರಿಯ ಕಾನೂನನ್ನು ಕಚೇರಿಯಲ್ಲೇ ಬಿಟ್ಟು ಬರುವವರಾಗಿದ್ದರೆ ಹೆಂಡತಿ ಮಗಳು ಬದುಕಿಕೊಳ್ಳುತ್ತಿದ್ದರು. ಇವರು ಅದನ್ನು ತಲೆಯ ಮೇಲೆ ಹೊತ್ತು ಮನೆಗೂ ತಂದರು. ಒಬ್ಬಳೇ ಮಗಳು ಎರಡು ಬಸ್ ಸ್ಟಾಪಿನ ಆಚೆ ಇದ್ದಳು. ಅವಳಿಗೆ ಹೆಣ್ಣು ಮಗುವಾದಾಗ ಒಮ್ಮೆ ಹೋಗಿ, ಮಾಸ್ಕ್ ಹಾಕಿಕೊಂಡು, ದೂರದಲ್ಲಿ ನಿಂತು ನೋಡಿ ಬಂದಿದ್ದರು. ಅಲ್ಲಿಂದ ಮುಂದೆ ಅಳಿಯನಿಗೆ ಶೀತ, ಆಮೇಲೆ ಮಗಳಿಗೆ ಗಂಟಲು, ಆಮೇಲೆ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರು ಎಂಬ ಭಯಂಕರ ಸುದ್ದಿ. ಶಿಶುವಿಹಾರ ಎಂದರೆ ಅವರ ಭೂಪಟದಲ್ಲಿ ಇಡೀ ಒಂದು ಖಂಡಕ್ಕೆ ಸಮ. ಮಗುವಿನ ಮೂಗು ಒಣಗಿದ ಮೇಲೆ ಬರುತ್ತೇನೆ ಎಂದರು. ಶಿಶುವಿಹಾರಕ್ಕೆ ಹೋಗುವ ಮಗುವಿನ ಮೂಗು ಒಣಗುವುದನ್ನು ಕಂಡವರಿದ್ದರೆ ಹೇಳಬೇಕು.

ಹೆಂಡತಿ ಮೊದಮೊದಲು ಜಗಳವಾಡಿದರು. ಮಗಳ ಮನೆಗೆ ಹೋದವರು ಒಂದು ವಾರ ಈ ಮನೆಗೆ ಕಾಲಿಡಕೂಡದು ಎಂದು ಗಂಡ ಕಾನೂನು ಮಾಡಿದಾಗ ಅವರು ಬಹಳ ಸಂತೋಷದಿಂದ ಒಪ್ಪಿ, ತಿಂಗಳಲ್ಲಿ ಮೂರು ವಾರ ಅಲ್ಲೇ ಉಳಿಯತೊಡಗಿದರು. ಹೀಗೆ ಮೂಗಿನ ಸಾಹೇಬರು ಸಂಜೆ ಒಬ್ಬರೇ ಕೂತು, ಫೋನಿನ ತೆರೆಯ ಮೇಲೆ ಮೊಮ್ಮಗಳನ್ನು ನೋಡುತ್ತಿದ್ದರು. ಅವಳು ಕೂತದ್ದು, ತೆವಳಿದ್ದು, ಎದ್ದು ನಿಂತು ಬಿದ್ದದ್ದು ಎಲ್ಲವನ್ನೂ ಅಲ್ಲೇ ಕಂಡರು. ಅವಳೂ ತೆರೆಗೆ ಬೆರಳು ಚುಚ್ಚಿ ತಾತ ಎನ್ನುವುದನ್ನು ಕಲಿತಳು. ಆ ದಿನ ಫೋನು ಇಟ್ಟ ಮೇಲೆ ಅವರಿಗೆ ಅಳು ಬಂತು. ಅದನ್ನೂ ಧೂಳಿನ ಲೆಕ್ಕಕ್ಕೆ ಸೇರಿಸಿದರು.

ಈ ಉಕ್ಕಿನ ಮನುಷ್ಯ ಫೆರೆಟ್‌ಗಳ ಮುಂದೆ ಮಾತ್ರ ಬೆಣ್ಣೆ. ಒಳಗಿರುವಷ್ಟು ಹೊತ್ತೂ ಮಾಸ್ಕ್ ಇಳಿಸಕೂಡದು ಎಂದು ಬಾಗಿಲಿಗೆ ದಪ್ಪಕ್ಷರದಲ್ಲಿ ಬರೆಸಿದವರು ಅವರೇ. ಆದರೆ ಬೆಳಿಗ್ಗೆ ಊಟ ಹಾಕುವಾಗ ಗೂಡುಗಳ ಮುಂದೆ ಒಂದು ಕ್ಷಣ ಅದನ್ನು ಗದ್ದಕ್ಕೆ ಇಳಿಸಿ, ‘ಏನ್ರಪ್ಪಾ, ನಿದ್ದೆ ಆಯ್ತಾ?’ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದರು. ಮುಖ ಕಾಣದಿದ್ದರೆ ಪಾಪ ಅವಕ್ಕೆ ಗುರುತು ಸಿಗುವುದಿಲ್ಲ ಎಂದು ಅವರ ವಾದ. ಫೆರೆಟ್‌ಗಳೂ ಮೂತಿ ಎತ್ತಿ ಕುಣಿಯುತ್ತಿದ್ದವು. ತಟ್ಟೆಯನ್ನು ನೋಡಿ ಕುಣಿಯುತ್ತಿದ್ದವೋ ಮುಖವನ್ನು ನೋಡಿಯೋ ಎಂದು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಲಸಿಕೆಯ ಸಭೆ ಹತ್ತಿರ ಬಂದಿತ್ತು. ಹೊಸ ಫೆರೆಟ್‌ಗಳ ತಂಡ ಬಂದು, ರಕ್ತ ಶುದ್ಧವಾಗಿದೆ ಎಂದು ಗೊತ್ತಾಗಿ, ಇನ್ನೇನು ಕೆಲಸ ಶುರುವಾಗಬೇಕು, ಒಂದು ಬೆಳಿಗ್ಗೆ ಮೂಲೆಯ ಗೂಡಿನಿಂದ ಸೀನಿನ ಸದ್ದು ಬಂತು. ಮಧ್ಯಾಹ್ನಕ್ಕೆ ಪಕ್ಕದ ಗೂಡು. ಮರುದಿನ ಇಡೀ ಕೋಣೆ ಶಿಶುವಿಹಾರದಂತೆ ಸೀನುತ್ತಿತ್ತು.

ಮೂಗಿನ ಸಾಹೇಬರು ಕೆಂಡವಾದರು. ಕೈ ತೊಳೆದುಕೊಂಡು ಎಲ್ಲರ ಬೆನ್ನು ಹತ್ತಿದರು. ಕೈ ತೊಳೆಯುವುದು ಹೇಗೂ ಅವರಿಗೆ ಅಭ್ಯಾಸ. ಕಸ ಗುಡಿಸುವಾಕೆಯ ಮಗನಿಗೆ ಜ್ವರ ಬಂದಿತ್ತೇ? ಆಹಾರದ ಚೀಲ ತರುವವನು ಬಾಗಿಲಾಚೆ ಕೆಮ್ಮಿದ್ದನೇ? ನಿರ್ದೇಶಕರು ಕದ್ದು ಒಳಗೆ ಬಂದಿದ್ದರೇ? ಗುಡಿಸುವಾಕೆ ಕಣ್ಣೀರು ಹಾಕುವವರೆಗೂ ವಿಚಾರಣೆ ನಡೆಯಿತು. ತಪ್ಪು ಮಾಡಿದವರು ಯಾರೆಂದು ಗೊತ್ತಾಗಲಿ, ಮತ್ತೆ ಈ ಕಟ್ಟಡದ ಮೆಟ್ಟಿಲು ಹತ್ತದ ಹಾಗೆ ಮಾಡುತ್ತೇನೆ ಎಂದು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಫೆರೆಟ್‌ಗಳ ಮೂಗಿನಿಂದಲೂ ಅಲ್ಲಿಗೆ ಹೋಗಿಬರುವ ಎಲ್ಲರ ಮೂಗಿನಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಸಿದವರೂ ಅವರೇ. ನಿಯಮ ಎಲ್ಲರಿಗೂ ಒಂದೇ ಎಂದು ತೋರಿಸಲು ತಮ್ಮದನ್ನೇ ಮೊದಲು ಕೊಟ್ಟರು.

ಎರಡು ದಿನದ ಮೇಲೆ ವಿಭಾಗದ ಮುಖ್ಯಸ್ಥೆ, ಸಾಹೇಬರ ಮಗಳ ವಯಸ್ಸಿನ ಡಾಕ್ಟರು, ಅವರನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಹೋದ ವಾರ ಗಂಟಲು ಏನಾದರೂ ಕೆರೆಯುತ್ತಿತ್ತೇ ಎಂದು ಮೆಲ್ಲಗೆ ಕೇಳಿದರು.

‘ಸ್ವಲ್ಪ. ಧೂಳು’ ಎಂದರು ಸಾಹೇಬರು.

‘ಧೂಳಲ್ಲ ಸಾಹೇಬ್ರೆ. ಫೆರೆಟ್‌ಗಳಲ್ಲಿ ಸಿಕ್ಕಿದ್ದೂ ನಿಮ್ಮ ಮೂಗಲ್ಲಿ ಸಿಕ್ಕಿದ್ದೂ ಒಂದೇ. ಬೇರೆ ಯಾರಲ್ಲೂ ಇಲ್ಲ.’

ಸಾಹೇಬರ ಕೈ ಗದ್ದಕ್ಕೆ, ದಿನಾ ಬೆಳಿಗ್ಗೆ ಗೂಡುಗಳ ಮುಂದೆ ಮಾಸ್ಕ್ ಇಳಿಸುತ್ತಿದ್ದ ಜಾಗಕ್ಕೆ, ಹೋಯಿತು. ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರು. ಮಗಳ ಮನೆಯಿಂದಲ್ಲ, ಆ ಕಡೆ ಅವರು ಹೋದವರೇ ಅಲ್ಲ. ಹೆಂಡತಿಯಿಂದಲ್ಲ, ಅವರು ಈ ಮನೆಗೆ ಬಂದು ಹೋಗಿ ಎರಡು ವಾರವಾಗಿತ್ತು. ಉಳಿದದ್ದು ದಿನಾ ಕಚೇರಿಗೆ ಬರುವ ಬೆಳಗಿನ ಬಸ್ಸು, ಅಲ್ಲಿ ಪಕ್ಕದಲ್ಲಿ ಕೂತ ಯಾರೋ. ಸ್ವಂತ ಮೊಮ್ಮಗಳ ಮೂಗಿಗೆ ಹೆದರಿ ಒಂದೂವರೆ ವರ್ಷ ದೂರ ಉಳಿದವರು, ಗುರುತಿಲ್ಲದವನ ಫ್ಲೂವನ್ನು ಟಿಕೆಟಿಗೆ ದುಡ್ಡು ಕೊಟ್ಟು ತಂದಿದ್ದರು. ಭೂಪಟದಲ್ಲಿ ಅಷ್ಟೊಂದು ಪಿನ್ನು ಚುಚ್ಚಿದ್ದರಲ್ಲ, ಆ ಬಸ್ಸಿಗೆ ಒಂದೂ ಇರಲಿಲ್ಲ.

ಫೆರೆಟ್‌ಗಳ ತಂಡ ಕೆಲಸಕ್ಕೆ ಬಾರದೆ ಹೋಯಿತು. ಆ ಸಲದ ಸಭೆಗೆ ಈ ಪ್ರಯೋಗಾಲಯದಿಂದ ಉತ್ತರ ಹೋಗಲಿಲ್ಲ. ಲೋಕವೇನೂ ಮುಳುಗಲಿಲ್ಲ, ಬೇರೆ ದೇಶಗಳಲ್ಲೂ ಫೆರೆಟ್‌ಗಳಿದ್ದವು. ಆದರೆ ನಿರ್ದೇಶಕರಿಗೆ ಹೇಳಿಕೊಳ್ಳಲು ಈಗ ಒಂದು ಕಥೆ ಸಿಕ್ಕಿತು. ಸಾಹೇಬರಿಗೆ ಒಂದು ತಿಂಗಳು ಕಡ್ಡಾಯ ರಜೆ. ಹೊರಡುವ ಮುಂಚೆ ಗುಡಿಸುವಾಕೆಯ ಹತ್ತಿರ ಹೋಗಿ ತಪ್ಪಾಯಿತು ಎಂದರು. ಆಕೆ ಪೊರಕೆಯಿಂದ ತಲೆ ಎತ್ತದೆಯೇ ‘ಆಯ್ತು ಬಿಡಿ’ ಎಂದಳು. ಅದು ಕ್ಷಮೆಯ ದನಿಯಲ್ಲ, ಅವರಿಗೂ ಅದು ತಿಳಿಯಿತು.

ಸೋಂಕು ಪೂರ್ತಿ ಇಳಿದ ಮೇಲೆ ಮಗಳ ಮನೆಗೆ ಹೊರಟರು. ನಾಚಿಕೆ ಒಂದು ಕಡೆ, ಖುಷಿ ಇನ್ನೊಂದು ಕಡೆ. ಮಾಸ್ಕ್ ಹಾಕಿರಲಿಲ್ಲ. ಒಳಗೆ ಮೊಮ್ಮಗಳು ನೆಲದ ಮೇಲೆ ಕೂತು ಡಬ್ಬದ ಮುಚ್ಚಳ ಬಡಿಯುತ್ತಿದ್ದಳು. ಮೂಗು ಧಾರಾಳವಾಗಿ ಸೋರುತ್ತಿತ್ತು. ಅದನ್ನು ಕಂಡೂ ಕಾಣದವರಂತೆ ಅವರು ಎರಡೂ ಕೈ ಚಾಚಿದರು. ಮಗು ಒಂದು ಗಳಿಗೆ ಆ ದೊಡ್ಡ ಮನುಷ್ಯನನ್ನು ನೋಡಿತು. ಮುಖ ಸೊಟ್ಟಗಾಯಿತು. ಕಿಟಾರನೆ ಕಿರುಚಿ ಅಜ್ಜಿಯ ಮಡಿಲಿಗೆ ನುಗ್ಗಿತು.

‘ತಾತ ಕಣೇ, ತಾತ’ ಎಂದು ಅಜ್ಜಿ ರಮಿಸಿದರು. ಮಗು ಅಳುತ್ತಲೇ ಮೇಜಿನ ಮೇಲಿದ್ದ ಫೋನಿನ ಕಡೆ ಕೈ ತೋರಿಸಿ, ‘ತಾತಾ’ ಎಂದಿತು. ಸುಳ್ಳು ಹೇಳಬೇಡಿ, ತಾತ ಇರುವುದು ಅಲ್ಲಿ ಎನ್ನುವ ಹಾಗೆ.

ಇಷ್ಟು ದಿನ ಗಂಡನಿಗೆ ಹೇಳಬೇಕೆಂದು ಕೂಡಿಟ್ಟಿದ್ದ ಮಾತು ಹೆಂಡತಿಯ ಬಾಯಿತನಕ ಬಂದು, ಅವರ ಮುಖ ನೋಡಿ ಹಿಂದಕ್ಕೆ ಹೋಯಿತು. ಮೂಗಿನ ಸಾಹೇಬರು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಮಹಡಿಯ ಮೆಟ್ಟಿಲ ಮೇಲೆ ಕೂತರು. ಜೇಬಿನಿಂದ ಫೋನು ತೆಗೆದು ಮಗಳಿಗೆ ವಿಡಿಯೋ ಕರೆ ಮಾಡಿದರು. ತೆರೆಯಲ್ಲಿ ಮೊಮ್ಮಗಳ ಮುಖ ತುಂಬಿಕೊಂಡಿತು. ರೆಪ್ಪೆ ಇನ್ನೂ ಒದ್ದೆ, ಬಾಯಿ ಮಾತ್ರ ಆಗಲೇ ನಗುತ್ತಿತ್ತು. ಡಬ್ಬದ ಮುಚ್ಚಳ ತೋರಿಸಿದಳು. ಆಗ ಬಂದು ಹೆದರಿಸಿ ಹೋದವನ ಮೇಲೆ ತನ್ನ ಭಾಷೆಯಲ್ಲಿ ದೂರು ಹೇಳಿದಳು. ಇವರು ಹೂಂ ಹೂಂ ಎಂದು ಕೇಳಿದರು. ಈ ಸಲ ಅಳು ಬಂದಾಗ ಧೂಳಿನ ಹೆಸರು ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಮಗಳು ಬಾಗಿಲು ತೆಗೆದು ಬಂದು, ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

‘ಅಪ್ಪಾ, ಇವತ್ತಿಗೆ ಇಷ್ಟು ಸಾಕು’ ಎಂದಳು. ‘ನಾಳೆ ಬಾಗಿಲ ಹತ್ರ ಕೂತು ಮಾತಾಡಿ. ನಾಡಿದ್ದು ಹೊಸಿಲು ದಾಟಿ. ಹೇಗೂ ಒಂದು ತಿಂಗಳು ರಜೆ ಇದೆಯಲ್ಲ.’